ಬೆಂಗಳೂರಿನ ಸಂಗೀತ ತಾಣಗಳು: ಯಾವುವು ಇದ್ದವು, ಯಾವುವು ಉಳಿದಿವೆ, ಉಳಿದವು ಹೇಗೆ ಉಳಿದವು?

ಧಾರವಾಡದ ಕೇಳುಗ

ಎಲ್ಲರಿಗೂ ನಮಸ್ಕಾರ. ಉದ್ಯೋಗದ ನಿಮಿತ್ತ ಧಾರವಾಡದಿಂದ ಬೆಂಗಳೂರಿಗೆ ಬಂದು ವೈಟ್‌ಫೀಲ್ಡ್ ಕಡೆಗೆ ಮನೆ ಮಾಡಿಕೊಂಡಿದ್ದೇನೆ. ನಮ್ಮ ಊರಿನಲ್ಲಿ ಗಾಯಕರಿಗೂ ಕೇಳುಗರಿಗೂ ನಡುವೆ ಹೆಚ್ಚು ಅಂತರವಿರಲಿಲ್ಲ. ತಂಬೂರಿ ಶ್ರುತಿ ಮಾಡುವುದನ್ನೂ ಕಛೇರಿಯ ಭಾಗವೆಂದೇ ಕೂತು ಕೇಳುತ್ತಿದ್ದೆವು. ಇಲ್ಲಿ ಸಂಗೀತಕ್ಕೆ ಕೊರತೆಯಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಬೆಂಗಳೂರನ್ನು ತೋರಿಸುತ್ತಾರೆ. ಬಸವನಗುಡಿಯವರಿಗೆ ಇಂದಿರಾನಗರದ ವೇದಿಕೆಗಳ ಹೆಸರೇ ಗೊತ್ತಿಲ್ಲ, ಇಂದಿರಾನಗರದವರಿಗೆ ಚಾಮರಾಜಪೇಟೆ ಬೇರೆ ಊರು. ಅಷ್ಟೇ ಅಲ್ಲ, ಹೆಸರು ಹೇಳುವವರಲ್ಲಿ ಅರ್ಧದಷ್ಟು ಜನ ಕೊನೆಗೆ "ಅದು ಈಗ ಇಲ್ಲ" ಎಂದೂ ಸೇರಿಸುತ್ತಾರೆ.

ಈ ನಗರದಲ್ಲಿ ಸಂಗೀತವನ್ನು ಎದುರು ಕೂತು ಕೇಳುವ ತಾಣಗಳು ಹಿಂದೆ ಯಾವುವು ಇದ್ದವು, ಈಗ ಯಾವುವು ಇವೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ. ಶಾಸ್ತ್ರೀಯವೇ ಆಗಬೇಕೆಂದಿಲ್ಲ, ಭಾವಗೀತೆ, ಜನಪದ, ರಾಕ್, ಜಾಝ್ ಎಲ್ಲವೂ ನಡೆಯುತ್ತದೆ. ಮುಚ್ಚಿಹೋದ ತಾಣಗಳು ಏಕೆ ಮುಚ್ಚಿದವು ಎಂಬ ಕುತೂಹಲ ನನಗೆ ಇನ್ನೂ ಹೆಚ್ಚು. ಬಾಡಿಗೆಯ ಹೊರೆಯೋ, ಪರವಾನಗಿಯ ತೊಡಕೋ, ಅಥವಾ ಕೇಳುವವರೇ ಕಡಿಮೆಯಾದರೋ?

ಕೋಟೆ ಬೀದಿ

ಸ್ವಾಗತ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಪ್ರಾರಂಭಿಸುತ್ತೇನೆ. ಬಹಳ ವರ್ಷಗಳಿಂದ ಈ ಊರಿನ ಕಛೇರಿಗಳನ್ನು ಕೇಳುತ್ತಾ ಬಂದಿರುವ ನನಗೆ ಅನ್ನಿಸಿರುವುದು ಇಷ್ಟು: ಬೆಂಗಳೂರಿನಲ್ಲಿ ಸಂಗೀತದ ತಾಣವೊಂದು ಬಾಳಬೇಕಾದರೆ ಜಾಗ ತನ್ನದಾಗಿರಬೇಕು, ಇಲ್ಲವೇ ತಿಥಿ, ಅಂದರೆ ವರ್ಷವರ್ಷವೂ ತಪ್ಪದೆ ಬರುವ ಹಬ್ಬದ ದಿನ, ತನ್ನದಾಗಿರಬೇಕು. ಎರಡೂ ಇಲ್ಲದವು ಎಷ್ಟೇ ಒಳ್ಳೆಯ ಸಂಗೀತ ನೀಡಿದರೂ ಹತ್ತು ವರ್ಷ ದಾಟುವುದು ಕಷ್ಟ.

ಜಾಗ ತನ್ನದಾಗಿ ಉಳಿದುದಕ್ಕೆ ಉದಾಹರಣೆ ಬೆಂಗಳೂರು ಗಾಯನ ಸಮಾಜ. 1905ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಇಂದಿಗೂ ಕೆ.ಆರ್. ರಸ್ತೆಯ ತನ್ನ ಸಭಾಂಗಣದಲ್ಲಿ ಕಛೇರಿಗಳನ್ನೂ ವಾರ್ಷಿಕ ಸಂಗೀತ ಸಮ್ಮೇಳನವನ್ನೂ ನಡೆಸಿಕೊಂಡು ಬರುತ್ತಿದೆ. ಸಮ್ಮೇಳನದ ದಿನಗಳಲ್ಲಿ ಬೆಳಗಿನ ಹೊತ್ತು ನಡೆಯುವ ವಿದ್ವತ್ ಗೋಷ್ಠಿಗಳಿಗೆ ಬರುವವರು ಕಡಿಮೆ; ಆದರೆ ರಾಗವೊಂದರ ಒಂದೇ ಪ್ರಯೋಗದ ಬಗ್ಗೆ ಇಬ್ಬರು ವಿದ್ವಾಂಸರು ಒಬ್ಬರನ್ನೊಬ್ಬರು ಬಿಡದೆ ವಾದಿಸುವುದನ್ನು ಕೇಳಬೇಕೆಂದರೆ ಅಲ್ಲಿಗೇ ಹೋಗಬೇಕು. ಅಲ್ಲಿಂದ ಹೆಚ್ಚು ದೂರವಿಲ್ಲದ ಬಿ.ಪಿ. ವಾಡಿಯಾ ರಸ್ತೆಯಲ್ಲಿ 1945ರಲ್ಲಿ ಪ್ರಾರಂಭವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ. ಅಲ್ಲಿನ ಕಾರ್ಯಕ್ರಮಗಳಿಗೆ ಪ್ರವೇಶ ಶುಲ್ಕವಿಲ್ಲ. ಇಂದು ಹೆಸರು ಮಾಡಿರುವ ಎಷ್ಟೋ ಕಲಾವಿದರು ಎಳೆಯ ವಯಸ್ಸಿನಲ್ಲಿ ಅಲ್ಲಿ ಹಾಡಿ ನುಡಿಸಿದವರು. ಮುಂದಿನ ಸಾಲುಗಳಲ್ಲಿ ಪ್ರತಿದಿನವೂ ಬಂದು ಕೂರುವ ಹಿರಿಯರ ಎದುರು ಹಾಡುವುದು ಯಾವ ಪರೀಕ್ಷೆಗೂ ಕಡಿಮೆಯಲ್ಲ.

ತಿಥಿ ತನ್ನದಾಗಿ ಉಳಿದುದಕ್ಕೆ ಶ್ರೀ ರಾಮಸೇವಾ ಮಂಡಳಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಎಸ್.ವಿ. ನಾರಾಯಣಸ್ವಾಮಿ ರಾಯರು ಚಿಕ್ಕ ವಯಸ್ಸಿನಲ್ಲೇ, 1939ರಲ್ಲಿ, ಚಾಮರಾಜಪೇಟೆಯಲ್ಲಿ ಆರಂಭಿಸಿದ ರಾಮನವಮಿಯ ಉತ್ಸವ ಮುಂದೆ ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಲ್ಲಿ ನೆಲೆಯೂರಿತು. ಯುಗಾದಿಯ ಆಸುಪಾಸಿನಲ್ಲಿ ತೊಡಗಿ ವಾರಗಟ್ಟಲೆ ಪ್ರತಿ ಸಂಜೆ ಕಛೇರಿ ನಡೆಯುತ್ತದೆ. ಎಂ.ಎಸ್. ಸುಬ್ಬುಲಕ್ಷ್ಮಿ, ಬಾಲಮುರಳಿಕೃಷ್ಣರಂಥವರು ಹಾಡಿದ ಚಪ್ಪರ ಅದು. ಆ ಜಾಗ ಮಂಡಳಿಯದಲ್ಲ, ಶಾಲೆಯದು. ಪಕ್ಕದಲ್ಲಿ ವಿಕ್ಟೋರಿಯಾ ಆಸ್ಪತ್ರೆ, ಅತ್ತ ಕೆ.ಆರ್. ಮಾರುಕಟ್ಟೆ, ಎದುರಿನ ರಸ್ತೆಯಲ್ಲಿ ಬಿಟಿಎಸ್ ಕಾಲದಿಂದ ಇಂದಿನ ಬಿಎಂಟಿಸಿಯವರೆಗೆ ಎಲ್ಲ ಬಸ್ಸುಗಳ ಹಾರನ್ನು. ಸಂಗೀತಕ್ಕೆ ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗಲಾರದು. ಆದರೂ ಚೈತ್ರ ಮಾಸ ಬಂದರೆ ಊರಿನ ಅರ್ಧ ಭಾಗದ ಕಾಲು ತಾನಾಗಿ ಆ ಕಡೆ ತಿರುಗುತ್ತದೆ. ಕುರ್ಚಿಗೆ ಟಿಕೆಟ್ ಇದ್ದರೂ ಧ್ವನಿ ಆವರಣದ ಗೋಡೆ ದಾಟಿ ಹೊರಗೆ ಬರುತ್ತದೆ. ಹೊರಗೆ ನಿಂತು ತನಿ ಆವರ್ತನ, ಅಂದರೆ ತಾಳವಾದ್ಯಗಳ ಒಂಟಿ ವಾದನ, ಮುಗಿಸಿಕೊಂಡೇ ಬಸ್ಸು ಹತ್ತುವವರನ್ನು ಈಗಲೂ ಕಾಣಬಹುದು. ಶೇಷಾದ್ರಿಪುರದ ರಾಮಸೇವಾ ಸಮಿತಿಯ ಉತ್ಸವವೂ ಇದೇ ಜಾತಿಯದು. ಗಣೇಶನ ಹಬ್ಬಕ್ಕೆ ಬಂದರೆ, ಬಸವನಗುಡಿಯ ವಿದ್ಯಾರಣ್ಯ ಯುವಕ ಸಂಘ 1962ರಿಂದ ನಡೆಸುತ್ತಿರುವ ಬೆಂಗಳೂರು ಗಣೇಶ ಉತ್ಸವದಲ್ಲಿ ಶಾಸ್ತ್ರೀಯ ಗಾಯನ, ಸುಗಮ ಸಂಗೀತ, ಸಿನಿಮಾ ಹಾಡುಗಳ ವಾದ್ಯಗೋಷ್ಠಿ ಎಲ್ಲಕ್ಕೂ ಒಂದೇ ವೇದಿಕೆ.

ಚೌಡಯ್ಯ ಸ್ಮಾರಕ ಭವನದ ಬಗ್ಗೆ ಎಲ್ಲರೂ ಹೇಳಿಯೇ ಹೇಳುತ್ತಾರೆ. ಕೆ.ಕೆ. ಮೂರ್ತಿಯವರ ಮುಂದಾಳತ್ವದಲ್ಲಿ ವೈಯಾಲಿಕಾವಲಿನಲ್ಲಿ ಕಟ್ಟಿದ, 1980ರಲ್ಲಿ ತೆರೆದ, ಸಾವಿರಕ್ಕೂ ಮೀರಿದ ಆಸನಗಳ ಭವನ ಅದು. ಹೊರಗಿನಿಂದ ನೋಡಿದರೆ ಪಿಟೀಲು. ತಂತಿ, ಕುದುರೆ, ಬಿರಡೆ, ಕಮಾನು ಯಾವುದನ್ನೂ ಬಿಟ್ಟಿಲ್ಲ. ಪ್ರವಾಸಿಗರು ಛಾಯಾಚಿತ್ರ ತೆಗೆಯುತ್ತಾರೆ. ಅದರ ಹಿಂದಿನ ಸಂಗತಿ ಮಾತ್ರ ಎಲ್ಲರಿಗೂ ಗೊತ್ತಿಲ್ಲ. ತಿರುಮಕೂಡಲಿನ ಟಿ. ಚೌಡಯ್ಯನವರು ಹೆಸರು ಮಾಡಿದ ಕಾಲಕ್ಕೆ ಧ್ವನಿವರ್ಧಕ ಇನ್ನೂ ವೇದಿಕೆಗೆ ಬಂದಿರಲಿಲ್ಲ. ಪಕ್ಕವಾದ್ಯದ ಪಿಟೀಲಿನ ನಾದ ಹಿಂದಿನ ಸಾಲುಗಳಿಗೆ ಮುಟ್ಟುತ್ತಿಲ್ಲವೆಂದು ಅವರು ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿಕೊಂಡರು. ಸಭಾಂಗಣದ ಕೊರತೆಯನ್ನು ನೀಗಲು ವಾದ್ಯವನ್ನೇ ಬದಲಿಸಿದ ಕಲಾವಿದನ ಹೆಸರಿನಲ್ಲಿ, ಅವರು ತೀರಿಕೊಂಡ ಹದಿಮೂರು ವರ್ಷಗಳ ಮೇಲೆ, ಅದೇ ಏಳು ತಂತಿಯ ವಾದ್ಯದ ಆಕಾರದಲ್ಲಿ ಸಭಾಂಗಣವೊಂದು ಎದ್ದಿತು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಶಾಲಾ ವಾರ್ಷಿಕೋತ್ಸವಗಳೂ ಹಾಸ್ಯ ಕಾರ್ಯಕ್ರಮಗಳೂ ಬಹಳವಾಗಿವೆ ಎಂದು ಕೆಲವರು ಬೇಸರಪಡುತ್ತಾರೆ. ಅಷ್ಟು ದೊಡ್ಡ ಭವನವನ್ನು ಕಛೇರಿಗಳೇ ಸಾಕಿಕೊಳ್ಳಲಾರವು ಎಂಬುದು ನನ್ನ ಅಭಿಪ್ರಾಯ.

ಜೆ.ಸಿ. ರಸ್ತೆಯನ್ನು ಬಿಟ್ಟರೆ ಪಟ್ಟಿ ಅಪೂರ್ಣವಾಗುತ್ತದೆ. 1935ರ ಪುಟ್ಟಣ್ಣಚೆಟ್ಟಿ ಪುರಭವನ ಸಂಗೀತಕ್ಕಾಗಿ ಕಟ್ಟಿದ್ದಲ್ಲ, ಎಲ್ಲಕ್ಕೂ ಒದಗಿಬಂದದ್ದು. ಟಾಗೋರರ ಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಕನ್ನಡ ಭವನದ ನಯನ ಸಭಾಂಗಣ, ಈ ಮೂರೂ ಸರ್ಕಾರದ ಕೈಯಲ್ಲಿರುವುದರಿಂದ ಬಾಡಿಗೆ ಕೈಗೆಟುಕುವಂತಿದೆ. ಭಾವಗೀತೆ, ರಂಗಗೀತೆ, ಜನಪದಗಳ ಮಟ್ಟಿಗೆ ನಿಜವಾದ ಮನೆ ಅದೇ.

ಹಳೆಯ ಆಂಪ್ಲಿಫೈಯರ್

ಕೋಟೆ ಬೀದಿಯವರ ಮಾತನ್ನು ನಾನು ಇನ್ನೊಂದು ಬದಿಯಿಂದ ಒಪ್ಪುತ್ತೇನೆ, ಏಕೆಂದರೆ ನನ್ನ ಬೆಂಗಳೂರಿಗೆ ಜಾಗವೂ ಇರಲಿಲ್ಲ, ತಿಥಿಯೂ ಇರಲಿಲ್ಲ.

ದಂಡು ಪ್ರದೇಶದ ಹಳೆಯ ಕಥೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕಬ್ಬನ್ ಉದ್ಯಾನ ಮತ್ತು ಲಾಲ್‌ಬಾಗಿನ ಬ್ಯಾಂಡ್ ಮಂಟಪಗಳಲ್ಲಿ ವಾದ್ಯವೃಂದಗಳು ನುಡಿಸುತ್ತಿದ್ದವು. ಕಬ್ಬನ್ ಉದ್ಯಾನದಲ್ಲಿ ಪೊಲೀಸ್ ಬ್ಯಾಂಡಿನ ವಾದನ ನಿಲ್ಲುವುದು, ಮತ್ತೆ ಚಿಗುರುವುದು ಈಗಲೂ ನಡೆದಿದೆ. ಬ್ರಿಗೇಡ್ ರಸ್ತೆಯ ತುದಿಯಲ್ಲಿದ್ದ ಒಪೇರಾ ಹೌಸ್ ನಾಟಕ, ಗಾಯನಗಳನ್ನು ಕಂಡು, ಮುಂದೆ ಚಿತ್ರಮಂದಿರವಾಗಿ, ಬಹುಕಾಲ ಪಾಳುಬಿದ್ದು, 2018ರಲ್ಲಿ ಮೊಬೈಲ್ ಕಂಪನಿಯೊಂದರ ಮಳಿಗೆಯಾಗಿ ತೆರೆದುಕೊಂಡಿತು. ಕಟ್ಟಡ ಚೆನ್ನಾಗಿಯೇ ಉಳಿದಿದೆ, ಅಲ್ಲಿಗೆ ಹೋದರೆ ಫೋನು ಕೊಳ್ಳಬಹುದು.

ಈಗ ಅರಮನೆ ಮೈದಾನ. 2003ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಸುರಿಯುವ ಮಳೆಯಲ್ಲಿ ಹಾಡಿದ್ದು ಅಲ್ಲಿ, 2007ರ ಮಾರ್ಚಿನಲ್ಲಿ ಐರನ್ ಮೇಡನ್ ಬಂದದ್ದು ಅಲ್ಲಿ, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ನುಡಿಸಿದ್ದೂ ಅಲ್ಲಿ. ಗುರುಗ್ರಾಮದ ಅವರ ಕಛೇರಿ ಎರಡು ದಿನ ಮೊದಲಷ್ಟೇ ರದ್ದಾಗಿದ್ದರಿಂದ ಆ ದಿನ ದೇಶದ ಮೂಲೆ ಮೂಲೆಯಿಂದ ಜನ ಬೆಂಗಳೂರಿಗೆ ಬಂದಿದ್ದರು. ಕನ್ನಡ ಓದುಗರು ಇದೆಲ್ಲ ಇಂಗ್ಲಿಷಿನವರ ಆಟವೆಂದು ತಿಳಿಯಬಾರದು. 2005ರಲ್ಲಿ ಸಿ. ಅಶ್ವತ್ಥ್ ಅವರು 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಆಯ್ದುಕೊಂಡದ್ದೂ ಇದೇ ಮೈದಾನವನ್ನು. ಆ ವರೆಗೆ ಭಾವಗೀತೆಯೆಂದರೆ ಹಾರ್ಮೋನಿಯಂ, ತಬಲಾ ಜೊತೆಗೆ ಮುನ್ನೂರು ಜನರ ಸಭಾಂಗಣವೆಂದು ಭಾವಿಸಿದ್ದವರು, ಕವಿಯ ಸಾಲಿಗೆ ಅಷ್ಟು ದೊಡ್ಡ ಬಯಲೂ ಸಾಲದೆಹೋದದ್ದನ್ನು ಕಣ್ಣಾರೆ ಕಂಡರು. ಸುಗಮ ಸಂಗೀತದ ಚರಿತ್ರೆಯಲ್ಲಿ ಆ ಒಂದು ರಾತ್ರಿ ಮಾಡಿದ ಕೆಲಸವನ್ನು ಹತ್ತು ಸಭಾಂಗಣಗಳು ಮಾಡಿರಲಾರವು ಎಂದು ನಾನು ನಂಬಿದ್ದೇನೆ.

ಆ ಮೈದಾನದ ಒಡೆತನ ಮಾತ್ರ 1996ರ ಅರಮನೆ ಸ್ವಾಧೀನ ಕಾಯಿದೆಯಿಂದ ಇಂದಿನವರೆಗೂ ನ್ಯಾಯಾಲಯಗಳಲ್ಲಿ ಸುತ್ತುತ್ತಿದೆ. ಊರ ನಡುವೆ 450 ಎಕರೆಗೂ ಮೀರಿದ ಬಯಲು ಇದ್ದೂ ಅಲ್ಲಿ ಶಾಶ್ವತವಾದ ಒಂದು ವೇದಿಕೆ ಏಳದಿರುವುದಕ್ಕೆ ಇದೊಂದು ಕಾರಣ. ಮದುವೆ ಮಂಟಪಗಳು ಮಾತ್ರ ಸೊಂಪಾಗಿ ಬೆಳೆದವು. ದೊಡ್ಡ ಕಾರ್ಯಕ್ರಮಗಳು ಕ್ರಮೇಣ ಊರ ಹೊರಗೆ, ಯಲಹಂಕದಾಚೆಯ ಕುದುರೆ ಸವಾರಿ ಶಾಲೆಯ ಆವರಣಕ್ಕೂ ತುಮಕೂರು ರಸ್ತೆಯ ನೈಸ್ ಮೈದಾನಕ್ಕೂ ಸರಿದವು. 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಎರಡು ಸಂಜೆ ಹಾಡಿದ್ದು ಆ ನೈಸ್ ಮೈದಾನದಲ್ಲೇ. ಅದೇ ಪ್ರವಾಸದಲ್ಲಿ ಅವರು ಚರ್ಚ್ ಸ್ಟ್ರೀಟಿನ ಪಾದಚಾರಿ ಮಾರ್ಗದಲ್ಲಿ ಗಿಟಾರ್ ಹಿಡಿದು ನಿಂತಾಗ, ಅನುಮತಿ ಇಲ್ಲವೆಂದು ಪೊಲೀಸರು ಮೈಕಿನ ತಂತಿ ಕಿತ್ತ ಸುದ್ದಿ ಎಲ್ಲರಿಗೂ ತಿಳಿದದ್ದೇ. ಹೊರಗಿನವರು ನಕ್ಕರು. ಈ ಊರಿನಲ್ಲಿ ನುಡಿಸುವವರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ.

ಏಕೆಂದರೆ ನೀವು ಕೇಳಿದ "ಏಕೆ ಮುಚ್ಚಿದವು" ಎಂಬುದಕ್ಕೆ ಉತ್ತರದ ಒಂದು ತುದಿ ಪೊಲೀಸ್ ಆಯುಕ್ತರ ಕಚೇರಿಯಲ್ಲಿದೆ. 2005ರಲ್ಲಿ ಬೆಂಗಳೂರು ನಗರದ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿಗೆ ಸಂಬಂಧಿಸಿದ ಆದೇಶವೊಂದು ಹೊರಬಿತ್ತು. ಬಾರುಗಳಲ್ಲಿ ಮಹಿಳೆಯರನ್ನು ಕುಣಿಸುವ ದಂಧೆಗೆ ಕಡಿವಾಣ ಹಾಕುವುದು ಅದರ ಹಿಂದಿನ ಉದ್ದೇಶವಾಗಿತ್ತು. ಆದರೆ ಬರವಣಿಗೆ ಹೇಗಿತ್ತೆಂದರೆ, ಊಟದ ಮೇಜುಗಳ ನಡುವೆ ಸ್ಯಾಕ್ಸೊಫೋನ್ ನುಡಿಸುವವರೂ ಅದರ ಬಲೆಯೊಳಗೆ ಬಿದ್ದರು. ಅದನ್ನು ಪ್ರಶ್ನಿಸಿದ ಮೊಕದ್ದಮೆ ನಡೆಯುತ್ತಿದ್ದಷ್ಟು ಕಾಲ ಆದೇಶದ ಬಿಸಿ ಸಂಗೀತದ ತಾಣಗಳಿಗೆ ಅಷ್ಟಾಗಿ ತಟ್ಟಲಿಲ್ಲ. ಆ ಬಿಡುವಿನಲ್ಲೇ ಇಂದಿರಾನಗರದ ಬಿ ಫ್ಲ್ಯಾಟ್, ಕೈರಾ, 2013ರಲ್ಲಿ ತೆರೆದ ಹಮ್ಮಿಂಗ್ ಟ್ರೀ, ವೈಟ್‌ಫೀಲ್ಡಿನ ಕೌಂಟರ್ ಕಲ್ಚರ್, ಚರ್ಚ್ ಸ್ಟ್ರೀಟಿನಲ್ಲಿ ಸ್ವಲ್ಪ ಕಾಲ ಬ್ಲೂ ಫ್ರಾಗ್ ತಲೆಯೆತ್ತಿದವು. 1996ರಲ್ಲಿ ಹುಟ್ಟಿದ ರಾಕ್ ತಂಡ ಥರ್ಮಲ್ ಅಂಡ್ ಎ ಕ್ವಾರ್ಟರ್ ಆಗಲಿ, ಕನ್ನಡದ ಜನಪದವನ್ನೂ ತತ್ತ್ವಪದವನ್ನೂ ಗಿಟಾರಿಗೆ ಒಗ್ಗಿಸಿದ ರಘು ದೀಕ್ಷಿತ್, ಸ್ವರಾತ್ಮ ತಂಡಗಳಾಗಲಿ, ತಮ್ಮ ಸ್ವಂತ ಹಾಡುಗಳನ್ನು ವಾರದ ದಿನಗಳಲ್ಲಿ ಹಾಡಿ ಹದಮಾಡಿಕೊಳ್ಳಲು ಇಂತಹ ವೇದಿಕೆಗಳೇ ಬೇಕಾಗಿದ್ದವು. ಅದಕ್ಕೂ ಮೊದಲಿನ ಎಂಬತ್ತು, ತೊಂಬತ್ತರ ದಶಕದ ಪಬ್ಬುಗಳ ಬಗ್ಗೆ ಬಹಳ ಮಂದಿ ಬರೆಯುತ್ತಾರೆ. ಅಲ್ಲಿ ಬಹುಪಾಲು ಕೇಳುತ್ತಿದ್ದುದು ಕ್ಯಾಸೆಟ್ಟು. ನುಡಿಸುವ ಹುಡುಗರಿಗೆ ಸಿಗುತ್ತಿದ್ದುದು ಕಾಲೇಜು ಹಬ್ಬಗಳು ಮತ್ತು ಸ್ವಾತಂತ್ರ್ಯ ದಿನದ ಫ್ರೀಡಂ ಜಾಮ್ ಎಂಬ ಸಂಗೀತ ಮೇಳ, ಅಷ್ಟೇ.

2018ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ಎತ್ತಿಹಿಡಿಯಿತು. ಆ ವರ್ಷದ ನಡುವಿನಲ್ಲಿ ನೋಟಿಸುಗಳು ಹೊರಟವು. ಪರವಾನಗಿಗೆ ಅರ್ಜಿ ಹಾಕಬೇಕಾದರೆ ಕಟ್ಟಡದ ಸ್ವಾಧೀನಾನುಭವ ಪತ್ರ (ಆಕ್ಯುಪೆನ್ಸಿ ಸರ್ಟಿಫಿಕೇಟ್), ಅಗ್ನಿಶಾಮಕ ಇಲಾಖೆಯ ಒಪ್ಪಿಗೆ, ವಾಹನ ನಿಲುಗಡೆಯ ವ್ಯವಸ್ಥೆ ಎಲ್ಲವನ್ನೂ ತೋರಿಸಬೇಕು. ಬೆಂಗಳೂರಿನಲ್ಲಿ ಸ್ವಾಧೀನಾನುಭವ ಪತ್ರವಿರುವ ಹಳೆಯ ಕಟ್ಟಡವನ್ನು ಹುಡುಕುವುದು ಸಾವಿಲ್ಲದ ಮನೆಯ ಸಾಸಿವೆಯನ್ನು ಹುಡುಕಿದಂತೆ. ಬಾಡಿಗೆದಾರನಾದ ಸಂಗೀತಪ್ರೇಮಿ ಮನೆಯ ಮಾಲೀಕನ ಕಾಗದಪತ್ರವನ್ನು ಎಲ್ಲಿಂದ ತಂದಾನು? ಹಲವು ಕಡೆ ರಾತ್ರೋರಾತ್ರಿ ವೇದಿಕೆ ಖಾಲಿಯಾಗಿ ಡಿಜೆ ಮೇಜೋ ದೂರದರ್ಶನದ ಪರದೆಯೋ ಬಂತು. 2019ರಲ್ಲಿ ಹಮ್ಮಿಂಗ್ ಟ್ರೀ ಮುಚ್ಚಿತು. ಮರುವರ್ಷ ಕೋವಿಡ್ ಬಂದು ಉಳಿದವುಗಳಲ್ಲಿ ಕೆಲವನ್ನು ಹೊತ್ತೊಯ್ದಿತು.

ಹನ್ನೆರಡನೇ ಮುಖ್ಯರಸ್ತೆ

ಇಂದಿರಾನಗರದ ನಿವಾಸಿಯಾಗಿ ಒಂದು ಮಾತು ಸೇರಿಸದಿದ್ದರೆ ಈ ಚರ್ಚೆ ಒಂದೇ ಕಡೆಗೆ ವಾಲುತ್ತದೆ.

ನಮ್ಮ ಬಡಾವಣೆಯನ್ನು ವಾಸಕ್ಕೆಂದು ಮಾಡಿದ್ದು. ಅಗಲವಾದ ರಸ್ತೆಗಳ ಬದಿಯಲ್ಲಿ ವಾಣಿಜ್ಯ ಬಳಕೆಗೆ ಅವಕಾಶ ಸಿಕ್ಕ ಮೇಲೆ ಒಂದೊಂದೇ ಮನೆ ಹೋಟೆಲಾಗಿ, ಹೋಟೆಲು ಬಾರಾಗಿ, ಬಾರಿನ ಮಹಡಿಯ ಮೇಲೆ ತಗಡಿನ ಛಾವಣಿ ಹೊದಿಸಿದ ವೇದಿಕೆ ಬಂತು. 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 45 ಡೆಸಿಬಲ್ ಮಿತಿ ಇಟ್ಟಿವೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹೊರಗಿನ ಧ್ವನಿವರ್ಧಕ ಕೂಡದು. ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾಗ ಹಿಂದಿನ ಕಟ್ಟಡವೊಂದರ ತಾಳದ ಪೆಟ್ಟು ನಡುರಾತ್ರಿಯವರೆಗೂ ಗೋಡೆಯ ಮೂಲಕ ಬರುತ್ತಿತ್ತು. ದೂರು ಕೊಡದೆ ಬೇರೆ ದಾರಿ ಇರಲಿಲ್ಲ. ಅಲ್ಲಿ ಹಾಡುತ್ತಿದ್ದವರು ದೊಡ್ಡ ಕಲಾವಿದರೇ ಇರಬಹುದು, ನಮಗೆ ಕೇಳುತ್ತಿದ್ದುದು ಮಾತ್ರ ಬರಿಯ ಗುದ್ದು.

ಹಾಗೆಂದು ನಮ್ಮ ಬಡಾವಣೆಯವರು ಸಂಗೀತದ್ವೇಷಿಗಳಲ್ಲ. ಇದೇ ಇಂದಿರಾನಗರದ ಪುರಂದರ ಭವನದಲ್ಲಿ ಇಂದಿರಾನಗರ ಸಂಗೀತ ಸಭಾ ವರ್ಷಗಳಿಂದ ಕಛೇರಿ ನಡೆಸುತ್ತಿದೆ. ಅದರ ಮೇಲೆ ನೆರೆಯವರು ದೂರು ಕೊಟ್ಟದ್ದನ್ನು ನಾನು ಕೇಳಿಲ್ಲ. ಕಛೇರಿ ಸಂಜೆಗೆ ಶುರುವಾಗಿ ಊಟದ ಹೊತ್ತಿಗೆ ಮಂಗಳ ಹಾಡಿ ಮುಗಿಯುತ್ತದೆ.

ಧ್ವನಿ ಮೇಜು

ನಾನು ಧ್ವನಿ ವ್ಯವಸ್ಥೆಯ ಕೆಲಸದವನು. ಚಪ್ಪರದಲ್ಲೂ ಪಬ್ಬಿನಲ್ಲೂ ಮಿಕ್ಸರಿನ ಮುಂದೆ ಕೂತವನು. ಹನ್ನೆರಡನೇ ಮುಖ್ಯರಸ್ತೆಯವರು ಹೇಳಿದ "ಗುದ್ದು" ಎಂಬುದಕ್ಕೆ ಕಾರಣವಿದೆ, ಹಾಗೂ ಆ ಕಾರಣ ನಿಯಮಗಳಲ್ಲೇ ಅಡಗಿದೆ.

ಮಿತಿಗಳನ್ನು ಅಳೆಯುವುದು ಡಿಬಿ-ಎ ಎಂಬ ಮಾನದಲ್ಲಿ. ಮನುಷ್ಯನ ಕಿವಿ ಮಂದ್ರದ, ಅಂದರೆ ತಗ್ಗು ಸ್ಥಾಯಿಯ, ಸದ್ದಿಗೆ ಅಷ್ಟು ಸೂಕ್ಷ್ಮವಲ್ಲವೆಂದು ಈ ಮಾನ ಮಂದ್ರದ ಸದ್ದನ್ನು ಬಹಳ ಕಡಿಮೆ ಮಾಡಿ ಲೆಕ್ಕಕ್ಕೆ ಹಿಡಿಯುತ್ತದೆ. ಇತ್ತ ಗೋಡೆಯೂ ತಗಡೂ ತಾರಸ್ಥಾಯಿಯ ಸದ್ದನ್ನು ತಡೆಯುತ್ತವೆ, ಮಂದ್ರವನ್ನು ದಾಟಿಸುತ್ತವೆ. ಹೀಗಾಗಿ ಬಾಸ್ ಗಿಟಾರು ಮತ್ತು ಕಿಕ್ ಡ್ರಮ್ಮಿನ ಸದ್ದು ಪಕ್ಕದ ಮನೆಯ ಕಿಟಕಿಯ ಗಾಜನ್ನು ನಡುಗಿಸುತ್ತಿದ್ದರೂ ಮೀಟರಿನಲ್ಲಿ ಅಂಕಿ ಮಿತಿಯ ಹತ್ತಿರವೇ ಇರಬಹುದು. ಮಾಲೀಕ ತಾನು ನಿಯಮದೊಳಗೆ ಇದ್ದೇನೆ ಎನ್ನುತ್ತಾನೆ, ನೆರೆಯವರು ನಿದ್ದೆಯಿಲ್ಲ ಎನ್ನುತ್ತಾರೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮಂದ್ರವನ್ನು ತಡೆಯಲು ತೂಕದ ಗೋಡೆ, ನಡುವೆ ಗಾಳಿ ಬಿಟ್ಟ ಜೋಡಿ ಗೋಡೆ, ಎರಡೆರಡು ಬಾಗಿಲು ಬೇಕು. ಐದು ವರ್ಷದ ಬಾಡಿಗೆ ಕರಾರಿನ ಮೇಲೆ ಬೇರೆಯವರ ಕಟ್ಟಡದಲ್ಲಿ ಅಷ್ಟು ಹಣ ಹೂಳುವವರು ವಿರಳ. ಕೋಟೆ ಬೀದಿಯವರು ಜಾಗ ತನ್ನದಾಗಿರಬೇಕು ಎಂದದ್ದು ನಮ್ಮ ಕಸುಬಿಗೂ ಅನ್ವಯಿಸುತ್ತದೆ.

ಚಪ್ಪರದ ಬಗ್ಗೆಯೂ ಒಂದು ಮಾತು. ಅದು ಸಂಗೀತಕ್ಕೆ ಕೆಟ್ಟ ಜಾಗ ಎಂದು ಅವರು ಬರೆದಿದ್ದಾರೆ. ಹೊರಗಿನ ಗದ್ದಲದ ಮಟ್ಟಿಗೆ ನಿಜ. ಆದರೆ ಬಟ್ಟೆಯ ಮರೆ, ತೆರೆದ ಬದಿಗಳು, ತುಂಬಿದ ಜನ ಇವೆಲ್ಲ ಸೇರಿ ಅಲ್ಲಿ ಪ್ರತಿಧ್ವನಿ ಹುಟ್ಟುವುದೇ ಇಲ್ಲ. ಮೃದಂಗದ ಒಂದೊಂದು ಸೊಲ್ಲೂ ಬಿಡಿಬಿಡಿಯಾಗಿ ಕೇಳುತ್ತದೆ. ಬರಿಗೋಡೆಯ ಕಲ್ಯಾಣ ಮಂಟಪಗಳಲ್ಲಿ ಅದೇ ಮೃದಂಗ ಕಲಸಿದ ಹಿಟ್ಟಾಗುತ್ತದೆ, ಆಗ ಗಾಯಕರು ಶಬ್ದ ಏರಿಸಿ ಎನ್ನುತ್ತಾರೆ, ಏರಿಸಿದಷ್ಟೂ ಇನ್ನೂ ಕಲಸುತ್ತದೆ. ಹಣವಿದ್ದವರು ಹೊಸ ಸಭಾಂಗಣ ಕಟ್ಟುವಾಗ ಮುಂಬಾಗಿಲಿನ ಅಮೃತಶಿಲೆಗೆ ಕೊಡುವ ಗಮನದ ಅರ್ಧವನ್ನು ಒಳಗೋಡೆಗೆ ಕೊಟ್ಟರೂ ಸಾಕು.

ಧಾರವಾಡದ ಕೇಳುಗ

ಇಷ್ಟು ವಿವರವಾದ ಉತ್ತರಗಳಿಗೆ ಎಲ್ಲರಿಗೂ ಕೃತಜ್ಞತೆಗಳು. ಮಂದ್ರದ ಸದ್ದಿನ ವಿಚಾರ ನನಗೆ ಹೊಸದು.

ಇನ್ನು ಎರಡು ಪ್ರಶ್ನೆಗಳು ಉಳಿದಿವೆ. ಮೊದಲನೆಯದು, ಹಿಂದೂಸ್ತಾನಿ ಸಂಗೀತವನ್ನು ರಾತ್ರಿಯಿಡೀ ಕೇಳುವ ಪದ್ಧತಿ ಇಲ್ಲಿ ಎಲ್ಲಾದರೂ ಇದೆಯೇ? ನಡುರಾತ್ರಿಯ ಮತ್ತು ಮುಂಜಾವಿನ ರಾಗಗಳನ್ನು ಅವುಗಳ ಹೊತ್ತಿನಲ್ಲಿ ಕೇಳದೆ ಬಹಳ ಕಾಲವಾಯಿತು. ಎರಡನೆಯದು, ವೈಟ್‌ಫೀಲ್ಡಿನಿಂದ ಕೆಲಸ ಮುಗಿಸಿ ಹೊರಡುವವನಿಗೆ ಇವುಗಳಲ್ಲಿ ಯಾವುವು ಕೈಗೆಟುಕುತ್ತವೆ? ಕಾರಿನಲ್ಲಿ ಚಾಮರಾಜಪೇಟೆಗೆ ಹೊರಟರೆ ತಲುಪುವ ಹೊತ್ತಿಗೆ ಮಂಗಳ ಕೇಳಬೇಕಾದೀತು ಎಂಬ ಭಯವಿದೆ.

ಕೋಟೆ ಬೀದಿ

ರಾತ್ರಿಯಿಡೀ ಎಂದರೆ ಮೊದಲು ನೆನಪಾಗುವುದು ಈಗ ಇಲ್ಲದ್ದು. ಹೆಸರಘಟ್ಟದ ನೃತ್ಯಗ್ರಾಮದಲ್ಲಿ ಪ್ರೋತಿಮಾ ಬೇಡಿಯವರು ಆರಂಭಿಸಿದ ವಸಂತಹಬ್ಬದಲ್ಲಿ ಸಂಜೆಯಿಂದ ಬೆಳಗಿನವರೆಗೆ ಬಯಲು ರಂಗಮಂದಿರದಲ್ಲಿ ಸಂಗೀತ, ನೃತ್ಯ ನಡೆಯುತ್ತಿದ್ದವು. ಕಾಲೇಜು ಹುಡುಗರಿಂದ ಹಿಡಿದು ಸುತ್ತಲಿನ ಹಳ್ಳಿಗರವರೆಗೆ ಸಾವಿರ ಸಾವಿರ ಜನ ಸೇರುತ್ತಿದ್ದರು. ಟಿಕೆಟ್ ಇರಲಿಲ್ಲ. ಕೊನೆಗೆ ಜನ ಹೆಚ್ಚಾದದ್ದೇ ಹೊರೆಯಾಯಿತು, ಖರ್ಚೂ ಬೆಳೆಯಿತು, 2000ದ ದಶಕದ ನಡುವಿನಲ್ಲಿ ಹಬ್ಬ ನಿಂತಿತು. ಜಾಗವೂ ತಿಥಿಯೂ ಎರಡೂ ತನ್ನದಾಗಿದ್ದು ನಿಂತುಹೋದ ಹಬ್ಬ ಅದು. ನನ್ನ ಸೂತ್ರಕ್ಕೆ ಅದೊಂದು ಅಪವಾದ ಎಂದು ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಈಗ ಇರುವುದರಲ್ಲಿ ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿ ಗಣರಾಜ್ಯೋತ್ಸವದ ಆಸುಪಾಸಿನಲ್ಲಿ, ವಿದ್ಯಾರ್ಥಿಗಳಿಗೆ ಶಾಸ್ತ್ರೀಯ ಕಲೆಗಳನ್ನು ಮುಟ್ಟಿಸುವ ಸಂಸ್ಥೆ ಸ್ಪಿಕ್ ಮೆಕೆ ನಡೆಸುತ್ತ ಬಂದಿರುವ ಅಹೋರಾತ್ರಿ ಕಛೇರಿಯನ್ನು ನೋಡಿ. ಬಯಲಿನಲ್ಲಿ, ಜನವರಿಯ ಚಳಿಯಲ್ಲಿ, ಕಲ್ಲಿನ ಮೆಟ್ಟಿಲುಗಳ ಮೇಲೆ ಕೂರಬೇಕು, ಕಂಬಳಿ ಮರೆಯದಿರಿ. ಕೊನೆಯ ಕಲಾವಿದರು ವೇದಿಕೆ ಏರುವ ಹೊತ್ತಿಗೆ ಅರ್ಧಕ್ಕರ್ಧ ಜನ ಎದ್ದು ಹೋಗಿರುತ್ತಾರೆ, ಉಳಿದವರು ನಿಜವಾದ ಕೇಳುಗರು. ರಾಮಸೇವಾ ಮಂಡಳಿಯ ಉತ್ಸವದಲ್ಲಿಯೂ ಹಿಂದೂಸ್ತಾನಿ ಕಛೇರಿಗಳಿರುತ್ತವೆ, ಆದರೆ ಅವು ಸಂಜೆಯವು.

ಹಳೆಯ ಆಂಪ್ಲಿಫೈಯರ್

ನಿಮ್ಮ ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ನಾನೂ ಆ ಕಡೆಯವನು.

ನಿಮ್ಮ ಬಡಾವಣೆಯಲ್ಲೇ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಇದೆ. 2012ರಿಂದ ನಡೆದುಬಂದಿರುವ ಈ ತಾಣ ಜಾಝ್‌ಗೆ ಹೆಸರಾದದ್ದು. ಸುತ್ತ ಪುಸ್ತಕದ ಕಪಾಟುಗಳು, ಎದುರಿಗೆ ಚಿಕ್ಕ ವೇದಿಕೆ. ಊಟ, ಪಾನೀಯದ ದರ ದುಬಾರಿಯೇ. ಆದರೆ ನುಡಿಸುವಾಗ ಜೋರಾಗಿ ಮಾತನಾಡುವವರನ್ನು ಅಲ್ಲಿ ಸುತ್ತಲಿನವರೇ ತಿರುಗಿ ನೋಡುತ್ತಾರೆ. ಬೆಂಗಳೂರಿನ ಪಬ್ಬುಗಳಲ್ಲಿ ಇದು ಸಣ್ಣ ಸಾಧನೆಯಲ್ಲ. ರಾಮಗೊಂಡನಹಳ್ಳಿಯ ಜಾಗೃತಿ ಮುಖ್ಯವಾಗಿ ರಂಗಭೂಮಿಗೆ ಮೀಸಲಾದರೂ ಆಗಾಗ ಸಂಗೀತವೂ ಉಂಟು. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ 2019ರಲ್ಲಿ ಹೊಸ ಕಟ್ಟಡಕ್ಕೆ ಬಂದ ಮೇಲೆ, ಅಳಿದುಹೋದ ಹಲವು ವೇದಿಕೆಗಳ ಕೆಲಸವನ್ನು ಅದೊಂದೇ ಮಾಡುತ್ತಿದೆ ಎನ್ನಬಹುದು. ಬಹುಪಾಲು ಕಾರ್ಯಕ್ರಮಗಳಿಗೆ ಟಿಕೆಟ್ ಇಲ್ಲ, ಮೊದಲು ಬಂದವರಿಗೆ ಆಸನ. ಅಲ್ಲಿ ಒಂದು ವಾರ ಧ್ರುಪದ, ಮರುವಾರ ಪಾಶ್ಚಾತ್ಯ ತಂತಿವಾದ್ಯ ಚತುಷ್ಕ, ಆಮೇಲೆ ಯಕ್ಷಗಾನದ ಭಾಗವತಿಕೆ ಕೇಳಸಿಗುವುದುಂಟು.

ಚಾಮರಾಜಪೇಟೆಯ ಭಯ ಬಿಡಿ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಪೂರ್ತಿ ತೆರೆದ ಮೇಲೆ ಮೆಜೆಸ್ಟಿಕ್ಕಿನಲ್ಲಿ ಒಮ್ಮೆ ಹಸಿರು ಮಾರ್ಗಕ್ಕೆ ಬದಲಿಸಿದರೆ ಸಾಕು. ಕೋಟೆ ಮೈದಾ‌ನಕ್ಕೆ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣ, ಗಾಯನ ಸಮಾಜಕ್ಕೆ ನ್ಯಾಷನಲ್ ಕಾಲೇಜು ನಿಲ್ದಾಣ. ಅದೇ ಮಾರ್ಗದಲ್ಲಿ ದಕ್ಷಿಣಕ್ಕೆ ಮುಂದುವರಿದರೆ ಕೋಣನಕುಂಟೆ ಕ್ರಾಸಿನಲ್ಲಿ ಇತ್ತೀಚೆಗೆ ತೆರೆದ ಪ್ರೆಸ್ಟೀಜ್ ಶ್ರೀಹರಿ ಖೋಡೆ ಪ್ರದರ್ಶನ ಕಲೆಗಳ ಕೇಂದ್ರ ಸಿಗುತ್ತದೆ. ದೊಡ್ಡ ಸಂಗೀತ ನಾಟಕಗಳೂ ಹೊರನಾಡಿನ ವಾದ್ಯವೃಂದಗಳೂ ಈಗ ಅಲ್ಲಿಗೆ ಬರುತ್ತಿವೆ. ಚೌಡಯ್ಯ ಭವನಕ್ಕೆ ಮಾತ್ರ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಬೇಕು.

ಹಿಂದಿರುಗುವ ಕೊನೆಯ ರೈಲಿನ ಹೊತ್ತನ್ನು ಹೊರಡುವ ಮುನ್ನವೇ ನೋಡಿಕೊಳ್ಳಿ. ಮೆಜೆಸ್ಟಿಕ್ಕಿನಲ್ಲಿ ಮಾರ್ಗ ಬದಲಿಸಬೇಕಾದ್ದರಿಂದ ಹತ್ತೂವರೆಯೊಳಗೆ ಅಲ್ಲಿರುವುದು ಒಳ್ಳೆಯದು. ಕಛೇರಿಯ ದೀರ್ಘ ಭಾಗವಾದ ರಾಗಂ ತಾನಂ ಪಲ್ಲವಿ ತಡವಾಗಿ ಆರಂಭವಾದ ದಿನ ಏನು ಮಾಡಬೇಕೆಂಬುದನ್ನು ಕೋಟೆ ಬೀದಿಯವರೇ ಹೇಳಬೇಕು.

ಕೋಟೆ ಬೀದಿ

ಪಲ್ಲವಿ ಕೇಳಿ. ಮಾರುಕಟ್ಟೆಯಲ್ಲಿ ಆ ಹೊತ್ತಿಗೆ ಆಟೋಗಳು ಸಿಗುತ್ತವೆ, ಮೀಟರಿನ ಮೇಲೆ ಎಷ್ಟು ಕೇಳುತ್ತಾರೆ ಎಂಬುದನ್ನು ಮಾತ್ರ ಹತ್ತುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.